ಹಾಲಿಗೊಂದು ಅಳತೆ, ಹೊಗೆಗೊಂದು ಅಳತೆ

ಮಲೆನಾಡಿನ ಯಾವ ಹಳ್ಳಿಯಲ್ಲಾದರೂ ಸರಿ, ಬೆಳಗಿನ ಹೊತ್ತು ಹಾಲಿನ ಡೈರಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಮಹಿಳೆಯೊಬ್ಬರು ಕ್ಯಾನು ಹಿಡಿದು ಬರುತ್ತಾರೆ. ಡೈರಿಯವರು ಮೊದಲು ಹಾಲು ಎಷ್ಟು ಲೀಟರ್ ಇದೆಯೆಂದು ಅಳೆಯುತ್ತಾರೆ. ಬಳಿಕ ಅದರಲ್ಲಿ ಚೂರು ತೆಗೆದು ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ನೋಡುತ್ತಾರೆ. ಎರಡೂ ಅಂಕಿಗಳು ಆಕೆಯ ಕಣ್ಣೆದುರಿನಲ್ಲಿಯೇ ಪುಸ್ತಕಕ್ಕೆ ಏರುತ್ತವೆ. ಹಣ ಬರುವುದು ಎರಡನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆ. ನೀರು ಬೆರೆಸಿದರೆ ಲೀಟರ್ ಏರುತ್ತದೆ, ಫ್ಯಾಟ್ ಇಳಿಯುತ್ತದೆ; ಒಂದು ಅಳತೆ ಮುಚ್ಚಿಟ್ಟದ್ದನ್ನು ಇನ್ನೊಂದು ಅಳತೆ ಬಯಲಿಗೆಳೆಯುತ್ತದೆ. ಎರಡೇ ಎಮ್ಮೆ ಸಾಕಿಕೊಂಡ ಬಡ ಕುಟುಂಬದ ಮೇಲೆ ಈ ವ್ಯವಸ್ಥೆ ಇಷ್ಟು ಕಟ್ಟುನಿಟ್ಟಾಗಿ ನಡೆಯುತ್ತಿದೆ. ಅದು ನ್ಯಾಯವೇ. ಆದರೆ ಗಂಟೆಗೆ ನೂರಾರು ಟನ್ ಕಲ್ಲಿದ್ದಲು ಸುಡುವ ಕಾರ್ಖಾನೆಯ ಹೊಗೆಗೆ ಇದೇ ನ್ಯಾಯ ಏಕಿಲ್ಲ ಎಂಬುದು ಈ ಲೇಖನದ ಪ್ರಶ್ನೆ.

ಕೆಲವು ತಿಂಗಳ ಹಿಂದೆ ಕಾಲೇಜು ವಿದ್ಯಾರ್ಥಿಗಳ ತಂಡವೊಂದರ ಜೊತೆ ಘಟ್ಟದ ಕೆಳಗಿನ ಒಂದು ಕಾರ್ಖಾನೆಗೆ ಹೋಗಿದ್ದೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಕಥೆ ಎಲ್ಲೆಡೆಯೂ ಒಂದೇ. ಹೆಬ್ಬಾಗಿಲಿನಲ್ಲಿ ಕೆಂಪು ಅಕ್ಷರಗಳು ಬೆಳಗುವ ಫಲಕವೊಂದಿತ್ತು. ಧೂಳು ಇಷ್ಟು, ಗಂಧಕದ ಡೈಆಕ್ಸೈಡ್ ಇಷ್ಟು, ಸಾರಜನಕದ ಆಕ್ಸೈಡುಗಳು ಇಷ್ಟು ಎಂದು ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿತ್ತು. ಎಲ್ಲವೂ ಮಿತಿಯ ಒಳಗೆ. ವಿದ್ಯಾರ್ಥಿನಿಯೊಬ್ಬಳು ಅಧಿಕಾರಿಯನ್ನು ಕೇಳಿದಳು: "ಸಾರ್, ಇದು ಒಂದು ಘನಮೀಟರ್ ಹೊಗೆಯ ಲೆಕ್ಕ. ಗಂಟೆಗೆ ಒಟ್ಟು ಎಷ್ಟು ಘನಮೀಟರ್ ಹೊಗೆ ಹೋಗುತ್ತದೆ?" ಅಧಿಕಾರಿ ಸಜ್ಜನರು. ನಗುತ್ತಲೇ ಹೇಳಿದರು: "ಅದು ನಮ್ಮ ಒಳಗಿನ ಲೆಕ್ಕ ಕಣಮ್ಮ. ಸಾರ್ವಜನಿಕರಿಗೆ ಅದರ ಅಗತ್ಯ ಇಲ್ಲ."

ಫ್ಯಾಟ್ ಮಾತ್ರ ಹೇಳುತ್ತೇವೆ, ಲೀಟರ್ ಕೇಳಬೇಡಿ ಎಂದ ಹಾಗಾಯಿತು. ಆ ಒಂದು ವಾಕ್ಯದಲ್ಲಿ ನಮ್ಮ ದೇಶದ ಹೊಗೆ ನಿಯಂತ್ರಣದ ಇಡೀ ದೌರ್ಬಲ್ಯ ಅಡಗಿದೆ.

ಅರ್ಧ ಸತ್ಯದ ಫಲಕ

ಕಾನೂನು ವಿಧಿಸಿರುವ ಮಿತಿಗಳಲ್ಲಿ ಹೆಚ್ಚಿನವು ಸಾಂದ್ರತೆಯ ಮಿತಿಗಳು. ಅಂದರೆ ಒಂದು ಘನಮೀಟರ್ ಹೊಗೆಯಲ್ಲಿ ಎಷ್ಟು ಮಿಲಿಗ್ರಾಂ ವಿಷವಿರಬಹುದು ಎಂಬ ಲೆಕ್ಕ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಹೊರಡಿಸಿದ ಅಧಿಸೂಚನೆಯನ್ನೇ ನೋಡಿ. 2003ರ ನಂತರ, 2016ರ ಒಳಗೆ ಸ್ಥಾಪನೆಯಾದ 500 ಮೆಗಾವಾಟ್ ಹಾಗೂ ಅದಕ್ಕಿಂತ ದೊಡ್ಡ ಘಟಕಗಳಿಗೆ ಗಂಧಕದ ಡೈಆಕ್ಸೈಡ್ 200 ಮಿಲಿಗ್ರಾಂ, ಧೂಳು 50 ಮಿಲಿಗ್ರಾಂ. ಇದು ಒಳ್ಳೆಯ ಮಿತಿಯೇ. ಆದರೆ ಮಣ್ಣಿಗೆ, ಎಲೆಗೆ, ಮಗುವಿನ ಶ್ವಾಸಕೋಶಕ್ಕೆ ತಗಲುವುದು ಮಿಲಿಗ್ರಾಂಗಳ ಸಾಂದ್ರತೆಯಷ್ಟೇ ಅಲ್ಲ, ದಿನವಿಡೀ, ವರ್ಷವಿಡೀ ಸುರಿದ ಒಟ್ಟು ಮೊತ್ತ. ಆ ಮೊತ್ತ ತಿಳಿಯಬೇಕಾದರೆ ಸಾಂದ್ರತೆಯನ್ನು ಹೊಗೆಯ ಹರಿವಿನಿಂದ ಗುಣಿಸಬೇಕು.

ಒಂದು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಳ್ಳಲಿ. ಒಂದು ಹೊಗೆಕೊಳವೆಯಿಂದ ಗಂಟೆಗೆ 1,00,000 ಘನಮೀಟರ್ ಹೊಗೆ ಹೋಗುತ್ತಿದೆ. ಪ್ರತಿ ಘನಮೀಟರಿನಲ್ಲಿ 300 ಮಿಲಿಗ್ರಾಂ ಗಂಧಕದ ಡೈಆಕ್ಸೈಡ್ ಇದೆ ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿಲೋ ಆಯಿತು. ಮಿತಿ 200 ಇದ್ದರೆ ಇದು ಅಪರಾಧ. ಈಗ ಕೊಳವೆಯೊಳಗೆ 60,000 ಘನಮೀಟರ್ ಹೊರಗಿನ ಗಾಳಿಯನ್ನು ಸೇರಿಸಿ. ಸಾಂದ್ರತೆ 187.5ಕ್ಕೆ ಇಳಿಯಿತು. ಫಲಕದ ಮೇಲೆ ಕಾರ್ಖಾನೆ ಸಾಧುವಾಯಿತು. ಆದರೆ ಆಕಾಶಕ್ಕೆ ಹೋದದ್ದು ಮೊದಲಿನ ಹಾಗೆಯೇ 30 ಕಿಲೋ; ಒಂದು ಗ್ರಾಮೂ ಕಡಿಮೆಯಾಗಲಿಲ್ಲ. ಹಾಲಿಗೆ ನೀರು, ಹೊಗೆಗೆ ಗಾಳಿ.

ಈ ಕಳ್ಳತನಕ್ಕೆ ಮದ್ದಿಲ್ಲವೆಂದಲ್ಲ. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆದರೆ ಬೆರೆಸಿದ ಗಾಳಿಯ ಗುಟ್ಟು ರಟ್ಟಾಗುತ್ತದೆ. ಮೊದಲು ಶೇಕಡ 6 ಆಮ್ಲಜನಕವಿದ್ದ ಆ ಹೊಗೆಯಲ್ಲಿ ಗಾಳಿ ಸೇರಿದ ಮೇಲೆ ಸುಮಾರು ಶೇಕಡ 11.6 ಇರುತ್ತದೆ. ಕಲ್ಲಿದ್ದಲಿನ ಹೊಗೆಯನ್ನು ಶೇಕಡ 6ರ ಆಮ್ಲಜನಕಕ್ಕೆ ಸರಿಹೊಂದಿಸಿ ಲೆಕ್ಕ ಹಾಕಿದರೆ 187.5 ಎಂಬುದು ಮತ್ತೆ 300 ಆಗಿ ಎದ್ದು ನಿಲ್ಲುತ್ತದೆ. ಹೀಗೆ ಸರಿಹೊಂದಿಸುವುದು ನಿಯಮದಲ್ಲಿದೆ. ಆದರೆ ಆಮ್ಲಜನಕದ ಅಂಕಿ ಎಷ್ಟು ಫಲಕಗಳ ಮೇಲೆ ಕಾಣುತ್ತದೆ? ನಿಮ್ಮ ಹತ್ತಿರದ ಕಾರ್ಖಾನೆಯ ಬಾಗಿಲಿಗೆ ಹೋಗಿ ನೀವೇ ನೋಡಿ ಬನ್ನಿ.

ಆಮ್ಲಜನಕ ಅಳೆದರೂ ಮೊತ್ತ ತಿಳಿಯುವುದಿಲ್ಲ. ಒಂದು ಘಟಕವಿದ್ದಲ್ಲಿ ಎರಡಾದರೆ, ಎರಡಿದ್ದಲ್ಲಿ ನಾಲ್ಕಾದರೆ, ಸಾಂದ್ರತೆಯ ಅಂಕಿ ಕದಲುವುದಿಲ್ಲ. ನಮ್ಮ ಮೇಲೆ ಬೀಳುವ ವಿಷ ಮಾತ್ರ ಇಮ್ಮಡಿ, ನಾಲ್ಮಡಿ ಆಗುತ್ತದೆ. "ವಿಸ್ತರಣೆಯಾದರೂ ನಾವು ಮಿತಿಯೊಳಗೇ ಇರುತ್ತೇವೆ" ಎಂದು ಅಹವಾಲು ಸಭೆಗಳಲ್ಲಿ ಕಂಪನಿಗಳು ಕೊಡುವ ಭರವಸೆಯ ಒಳಮರ್ಮ ಇದು. ಆ ಮಾತು ಸುಳ್ಳಲ್ಲ. ಅರ್ಧ ಸತ್ಯ. ಅರ್ಧ ಸತ್ಯವನ್ನು ಎದುರಿಸುವುದು ಸುಳ್ಳನ್ನು ಎದುರಿಸುವುದಕ್ಕಿಂತ ಕಷ್ಟ.

ಕೊಳವೆಯೊಳಗೆ ಅಳೆಯುವ ಬಗೆ

ಹೊಗೆಯ ಹರಿವನ್ನು ಅಳೆಯುವುದು ಅಸಾಧ್ಯವೆಂದು ಯಾರಾದರೂ ಹೇಳಿದರೆ ನಂಬಬೇಡಿ. 1732ರಲ್ಲಿಯೇ ಫ್ರಾನ್ಸಿನ ಹೆನ್ರಿ ಪಿಟೊ ಎಂಬ ಎಂಜಿನಿಯರು ಬಾಗಿದ ಗಾಜಿನ ಕೊಳವೆಯೊಂದನ್ನು ಸೇನ್ ನದಿಯಲ್ಲಿಳಿಸಿ ನೀರಿನ ವೇಗವನ್ನು ಅಳೆದ. ಪ್ರವಾಹಕ್ಕೆ ಬಾಯಿ ಕೊಟ್ಟ ಕೊಳವೆಯಲ್ಲಿ ಒತ್ತಡ ಹೆಚ್ಚು; ಆ ಹೆಚ್ಚಳದಿಂದ ವೇಗವನ್ನು ಲೆಕ್ಕ ಹಾಕಬಹುದು. ಒತ್ತಡದ ವ್ಯತ್ಯಾಸ ನಾಲ್ಕುಪಟ್ಟಾದರೆ ವೇಗ ಎರಡುಪಟ್ಟು. ಇಂದಿಗೂ ಹೊಗೆಕೊಳವೆಗಳಲ್ಲಿ ಬಳಸುವುದು ಅದೇ ತತ್ವದ ಪಿಟೊ ಕೊಳವೆ. ಶಬ್ದದ ಅಲೆಗಳನ್ನು ಹೊಗೆಯ ಅಡ್ಡಕ್ಕೆ ಓರೆಯಾಗಿ ಹಾಯಿಸಿ, ಹರಿವಿನ ದಿಕ್ಕಿಗೆ ಬೇಗ, ಎದುರು ದಿಕ್ಕಿಗೆ ತಡವಾಗಿ ತಲುಪುವುದನ್ನು ನೋಡಿ ವೇಗ ಕಂಡುಹಿಡಿಯುವ ಉಪಕರಣಗಳೂ ಇವೆ.

ಉಪಕರಣ ಇದ್ದರೆ ಸಾಲದು, ಇಟ್ಟ ಜಾಗ ಸರಿಯಿರಬೇಕು. ಹಳ್ಳದ ನಡುವಿನಲ್ಲಿ ನೀರು ರಭಸ, ದಡದಲ್ಲಿ ನಿಧಾನ, ತಿರುವಿನಲ್ಲಿ ಸುಳಿ. ಕೊಳವೆಯೊಳಗಿನ ಹೊಗೆಯೂ ಹಾಗೆಯೇ. ಆದ್ದರಿಂದ ತಿರುವು ಮುಗಿದ ಮೇಲೆ ಕೊಳವೆಯ ಅಡ್ಡಳತೆಯ ಎಂಟುಪಟ್ಟು ದೂರದಲ್ಲಿ, ಮುಂದಿನ ತಡೆಗೆ ಕನಿಷ್ಠ ಎರಡುಪಟ್ಟು ಮೊದಲು, ಅಡ್ಡಡ್ಡಲಾಗಿ ಹಲವು ಬಿಂದುಗಳಲ್ಲಿ ಅಳೆಯಬೇಕೆಂಬುದು ಒಪ್ಪಿತವಾದ ಕ್ರಮ. ಗೋಡೆಯ ಬದಿಯಲ್ಲಿ ಒಂದೇ ಕಡೆ ಅಳೆದರೆ ಹರಿವು ಕಡಿಮೆ ಕಾಣುತ್ತದೆ.

ಧೂಳನ್ನು ಅಳೆಯುವಾಗ ಇನ್ನೊಂದು ಸೂಕ್ಷ್ಮವಿದೆ. ಕೊಳವೆಯಲ್ಲಿ ಹೊಗೆ ಯಾವ ವೇಗದಲ್ಲಿ ಹೋಗುತ್ತಿದೆಯೋ ಅದೇ ವೇಗದಲ್ಲಿಯೇ ಮಾದರಿಯನ್ನು ಹೀರಬೇಕು. ಹೆಚ್ಚು ವೇಗವಾಗಿ ಹೀರಿದರೆ ಹಗುರವಾದ ಅನಿಲ ಸುತ್ತಲಿಂದಲೂ ತಿರುಗಿ ಒಳಬರುತ್ತದೆ. ಭಾರವಾದ ಧೂಳಿನ ಕಣಗಳು ತಮ್ಮ ಓಟದಲ್ಲಿ ನೇರ ಮುಂದೆ ಹೋಗಿಬಿಡುತ್ತವೆ. ಫಲಿತಾಂಶ: ಇರುವುದಕ್ಕಿಂತ ಕಡಿಮೆ ಧೂಳು. ನೋಡಿ, ಸುಳ್ಳು ಹೇಳಲು ಅಂಕಿ ತಿದ್ದಬೇಕಾಗಿಯೇ ಇಲ್ಲ. ಪಂಪಿನ ವೇಗ ತುಸು ಹೆಚ್ಚಿಸಿದರೆ ಸಾಕು. ಹರಿವಿನ ವೇಗ ಗೊತ್ತಿಲ್ಲದೆ ಧೂಳಿನ ಅಳತೆಯೂ ನೆಟ್ಟಗಾಗುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಲೀಟರ್ ಗೊತ್ತಿಲ್ಲದವನಿಗೆ ಫ್ಯಾಟೂ ಗೊತ್ತಿರುವುದಿಲ್ಲ.

2014ರ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಅತಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳು ಹಗಲೂ ರಾತ್ರಿ ಅಳೆಯುವ ಉಪಕರಣಗಳನ್ನು ಅಳವಡಿಸಬೇಕೆಂದು ನಿರ್ದೇಶನ ನೀಡಿತು. ಅಂಕಿಗಳು ತಂತಾನೇ ಮಂಡಳಿಯ ಗಣಕಯಂತ್ರಕ್ಕೆ ಹೋಗಬೇಕು. 2018ರ ಮಾರ್ಗಸೂಚಿಯಲ್ಲಿ ಹರಿವಿನ ಮಾಪನದ ಬಗೆಗೂ ವಿವರಗಳಿವೆ. ಆದರೆ ಈ ಉಪಕರಣಗಳಿಗೆ ಪ್ರಮಾಣಪತ್ರ ನೀಡುವ ಹೊಣೆಯನ್ನು ದೆಹಲಿಯ ರಾಷ್ಟ್ರೀಯ ಭೌತಪ್ರಯೋಗಾಲಯಕ್ಕೆ ವಹಿಸಿದ್ದು 2019ರಲ್ಲಿ. ಮೊದಲು ತಕ್ಕಡಿ ತರಿಸಿ, ಐದು ವರ್ಷದ ನಂತರ ಬಟ್ಟು ಪರೀಕ್ಷಿಸುವವರನ್ನು ನೇಮಿಸಿದ ಹಾಗೆ. ಅಡಿಕೆ ಮಂಡಿಯಲ್ಲಿ ಹೀಗೆ ನಡೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಕೊಳವೆ ಎತ್ತರವಾದಷ್ಟೂ ಹೊಗೆ ದೂರ

ಬೆಟ್ಟದ ಮೇಲಿನ ನಮಗೆ ಕರಾವಳಿಯ, ಬಯಲಿನ ಕಾರ್ಖಾನೆಗಳ ಗೊಡವೆ ಏಕೆಂದು ಕೇಳುವವರಿದ್ದಾರೆ. ಅವರು ಹೊಗೆಕೊಳವೆಯ ಎತ್ತರವನ್ನು ನಿರ್ಧರಿಸುವ ಸೂತ್ರವನ್ನು ತಿಳಿಯಬೇಕು. ನಮ್ಮ ದೇಶದಲ್ಲಿ ಬಹುಕಾಲದಿಂದ ಇರುವ ಸೂತ್ರ ಇದು: ಗಂಟೆಗೆ ಹೊರಬರುವ ಗಂಧಕದ ಡೈಆಕ್ಸೈಡಿನ ಕಿಲೋಗಳ 0.3ನೆಯ ಘಾತವನ್ನು 14ರಿಂದ ಗುಣಿಸಿದರೆ ಮೀಟರುಗಳಲ್ಲಿ ಎತ್ತರ. 1,000 ಕಿಲೋ ಆದರೆ ಸುಮಾರು 111 ಮೀಟರ್. 10,000 ಕಿಲೋ ಆದರೆ ಸುಮಾರು 222 ಮೀಟರ್. ವಿಷ ಹತ್ತುಪಟ್ಟಾದರೆ ಕೊಳವೆ ಎರಡುಪಟ್ಟು! ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಕೊಳವೆ ಕಟ್ಟುವಾಗ ಗಂಟೆಗೆ ಎಷ್ಟು ಕಿಲೋ ಎಂಬ ಲೆಕ್ಕ ಕಾರ್ಖಾನೆಗೂ ಮಂಡಳಿಗೂ ಬೇಕಾಗುತ್ತದೆ. ಜನರು ಕೇಳಿದಾಗ ಮಾತ್ರ ಅದು "ಒಳಗಿನ ಲೆಕ್ಕ" ಆಗುತ್ತದೆ. ಎರಡು, ಎತ್ತರದ ಕೊಳವೆ ವಿಷವನ್ನು ಕೊಲ್ಲುವುದಿಲ್ಲ. ಬುಡದಲ್ಲಿರುವವರ ಮೂಗಿನಿಂದ ತಪ್ಪಿಸಿ ದೂರದವರ ಕಾಡಿಗೆ, ತೋಟಕ್ಕೆ ಕಳುಹಿಸುತ್ತದೆ.

ಇದನ್ನು ಜಗತ್ತು ಬಹಳ ಹಿಂದೆಯೇ ಕಲಿತಿತ್ತು. 1967ರಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್, ತಮ್ಮ ದೇಶದ ಕೆರೆಗಳು ಹುಳಿಯಾಗುತ್ತಿರುವುದಕ್ಕೆ ಬ್ರಿಟನ್ ಮತ್ತು ಮಧ್ಯ ಯುರೋಪಿನ ಹೊಗೆ ಕಾರಣವೆಂದು ದಿನಪತ್ರಿಕೆಯಲ್ಲಿಯೇ ಬರೆದರು. ವರ್ಷಗಟ್ಟಲೆ ಮಳೆನೀರನ್ನು ಅಳೆದ ಅಂಕಿಗಳು ಅವರ ಕೈಯಲ್ಲಿದ್ದವು. ಕೆನಡಾದ ಸಡ್ಬರಿಯಲ್ಲಿ ನಿಕ್ಕಲ್ ಕರಗಿಸುವ ಕಾರ್ಖಾನೆ 1972ರಲ್ಲಿ 381 ಮೀಟರ್ ಎತ್ತರದ ಕೊಳವೆ ನಿಲ್ಲಿಸಿತು. ಊರಿನ ಗಾಳಿ ಸುಧಾರಿಸಿತು, ಹೊಗೆ ನೂರಾರು ಕಿಲೋಮೀಟರ್ ಆಚೆಗೆ ಹೋಯಿತು. ನಿಜವಾದ ಪರಿಹಾರ ಸಿಕ್ಕಿದ್ದು ಗಂಧಕವನ್ನೇ ಹಿಡಿದಿಟ್ಟ ಮೇಲೆ.

ನಾವು ಕಲಿತದ್ದೇನು? 2015ರ ಮಿತಿಗಳನ್ನು 2017ರೊಳಗೆ ಜಾರಿ ಮಾಡಬೇಕಿತ್ತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ದೇಶದ ಘಟಕಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವಕ್ಕೆ ಗಂಧಕದ ಡೈಆಕ್ಸೈಡ್ ಮಿತಿಯಿಂದಲೇ ವಿನಾಯಿತಿ ನೀಡಲಾಯಿತು. ಷರತ್ತು ಏನೆಂದರೆ ಕೊಳವೆಯ ಎತ್ತರ ಸೂತ್ರದ ಪ್ರಕಾರ ಇರಬೇಕು. ಮಿತಿ ಖಚಿತವಾಗಿ ಉಳಿದದ್ದು ದೆಹಲಿ ಪ್ರದೇಶದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ ಹತ್ತು ಕಿಲೋಮೀಟರ್ ಒಳಗಿರುವ ಘಟಕಗಳಿಗೆ. ಈಗಾಗಲೇ ಕೆಟ್ಟುಹೋದ ಪ್ರದೇಶಗಳ ಸಮೀಪದವನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರಂತೆ. ಹತ್ತು ಲಕ್ಷ ಜನರ ಊರಿನಲ್ಲಿ ವಿಷವಾದದ್ದು ಸಾವಿರ ಜನರ ಊರಿನಲ್ಲಿ ವಿಷವಲ್ಲವೆ? ನಮ್ಮ ಶ್ವಾಸಕೋಶಗಳನ್ನು ಜನಗಣತಿಯ ತಕ್ಕಡಿಯಲ್ಲಿ ತೂಗಿದವರು ಯಾರು?

ವಿನಾಯಿತಿಯ ಪರವಾದ ವಾದವನ್ನೂ ಹೇಳಬೇಕು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಗಂಧಕ ತೊಳೆಯುವ ಯಂತ್ರ ದುಬಾರಿ, ಊರುಗಳ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗಿದೆ ಎನ್ನುತ್ತಾರೆ. ಗಂಧಕದ ಶೇಕಡಾವಾರು ಕಡಿಮೆ ಎಂಬುದು ನಿಜ. ಆದರೆ ಸುಡುವ ಕಲ್ಲಿದ್ದಲಿನ ಮೊತ್ತ? ಇಲ್ಲಿಯೂ ಅದೇ ಆಟ: ಫ್ಯಾಟ್ ಹೇಳಿ ಲೀಟರ್ ಮುಚ್ಚಿಡುವುದು. ಜೊತೆಗೆ ಈ ಅನಿಲ ಗಾಳಿಯಲ್ಲಿ ಅನಿಲವಾಗಿಯೇ ಉಳಿಯುವುದಿಲ್ಲ. ಸಲ್ಫೇಟಿನ ಅತಿಸೂಕ್ಷ್ಮ ಕಣಗಳಾಗಿ, ಮಳೆಯ ಹುಳಿಯಾಗಿ ಮಾರ್ಪಡುತ್ತದೆ. ಅನಿಲವನ್ನು ಮಾತ್ರ ಅಳೆದು "ಎಲ್ಲಿದೆ?" ಎಂದರೆ ಸಿಗುವುದೆಲ್ಲಿ?

ಕೃಷಿ ವಿಜ್ಞಾನದವನಾಗಿ ನಾನು ಇದನ್ನು ಸುಣ್ಣದ ಲೆಕ್ಕದಲ್ಲಿ ಹೇಳಬಲ್ಲೆ. ನಮ್ಮ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ಅದಕ್ಕಾಗಿಯೇ ತೋಟಕ್ಕೆ ಸುಣ್ಣ ಹಾಕುತ್ತೇವೆ. ಒಂದು ಕಿಲೋ ಗಂಧಕದ ಡೈಆಕ್ಸೈಡ್ ತರುವ ಹುಳಿಯನ್ನು ಮುರಿಯಲು ಒಂದೂವರೆ ಕಿಲೋಗಿಂತ ತುಸು ಹೆಚ್ಚು ಸುಣ್ಣದಕಲ್ಲಿನ ಪುಡಿ ಬೇಕು. ಕಾರ್ಖಾನೆಯ ಗಂಧಕ ತೊಳೆಯುವ ಯಂತ್ರದಲ್ಲಿ ಸಾಮಾನ್ಯವಾಗಿ ಬಳಸುವುದೂ ಇದೇ ಸುಣ್ಣದಕಲ್ಲು. ಕಾರ್ಖಾನೆಯ ಗಂಧಕವೆಲ್ಲ ನಮ್ಮ ತೋಟದಲ್ಲಿಯೇ ಬೀಳುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಬಿದ್ದಷ್ಟಕ್ಕೆ ಸುಣ್ಣ ಹಾಕಬೇಕಾದವರು ಯಾರು? ಕಾರ್ಖಾನೆಯೇ ಅಥವಾ ರೈತನೇ? ದುಬಾರಿ ಎಂದು ಯಂತ್ರವನ್ನು ಬಿಟ್ಟಾಗ ಆ ಖರ್ಚು ಮಾಯವಾಗಲಿಲ್ಲ. ಲೆಕ್ಕದ ಪುಸ್ತಕ ಬದಲಾಯಿತು, ಅಷ್ಟೆ.

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತರೆ ಆಕಾಶ ತಿಳಿಯಾಗಿರುವ ದಿನ ಅರಬ್ಬಿ ಸಮುದ್ರ ಕಾಣುತ್ತದೆ. ಆ ತೀರದಲ್ಲಿಯೇ ಉಡುಪಿ ಜಿಲ್ಲೆಯ ಎಲ್ಲೂರು, ನಂದಿಕೂರಿನ ಬಳಿ 600 ಮೆಗಾವಾಟಿನ ಎರಡು ಘಟಕಗಳ ಉಷ್ಣವಿದ್ಯುತ್ ಸ್ಥಾವರವಿದೆ. ಹಾರುಬೂದಿಯ ಬಗ್ಗೆ, ಬೆಳೆಹಾನಿಯ ಬಗ್ಗೆ ಅಲ್ಲಿನ ರೈತರು, ಮಲ್ಲಿಗೆ ಬೆಳೆಗಾರರು ವರ್ಷಗಟ್ಟಲೆ ದೂರಿದರು. ನಂದಿಕೂರಿನ ಜನಜಾಗೃತಿ ಸಮಿತಿ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2022ರಲ್ಲಿ ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ನೀಡುವಂತೆ ಆ ಕಂಪನಿಗೆ ಆದೇಶಿಸಿತು. ಆ ಸ್ಥಾವರದಲ್ಲಿ ಗಂಧಕ ತೊಳೆಯುವ ಯಂತ್ರವನ್ನು ಮೊದಲಿನಿಂದಲೂ ಅಳವಡಿಸಲಾಗಿದೆ. ದೇಶದಲ್ಲಿ ಆಗ ಅಂಥವು ಬೆರಳೆಣಿಕೆಯಷ್ಟಿದ್ದವು. ಇದನ್ನು ಒಪ್ಪಿಕೊಳ್ಳಬೇಕು. ಆದರೆ ಯಂತ್ರವಿರುವುದು ಬೇರೆ, ಅದು ಹಗಲೂ ರಾತ್ರಿ ಎಷ್ಟು ಕಿಲೋ ಹಿಡಿಯಿತು ಎಂಬುದು ಬೇರೆ. ಯಾವ ಸ್ಥಾವರದಲ್ಲಾದರೂ ಎರಡನೆಯದಕ್ಕೆ ಸಾಕ್ಷಿ ಮಾಪಕವೊಂದೇ. ಸಮುದ್ರದ ಕಡೆಯಿಂದ ಬೀಸುವ ಗಾಳಿ ಘಟ್ಟವನ್ನು ಹತ್ತುತ್ತದೆ. ಅದು ನಮ್ಮ ಕಾಡಿಗೆ ಹಾನಿ ಮಾಡಿದೆಯೆಂದು ಅಳತೆಯಿಲ್ಲದೆ ನಾನು ಹೇಳಲಾರೆ. ಮಾಡಿಲ್ಲವೆಂದು ಅಳತೆಯಿಲ್ಲದೆ ಹೇಳುವ ಹಕ್ಕು ಅವರಿಗೂ ಇಲ್ಲ.

ದಂಡದ ವಿಷಯದಲ್ಲಿಯೂ ಕಿಲೋ ಮಾಯ. ಪರಿಸರ ಪರಿಹಾರಕ್ಕೆಂದು ಕೇಂದ್ರ ಮಂಡಳಿ ರೂಪಿಸಿದ ಸೂತ್ರದಲ್ಲಿ ಐದು ಅಂಶಗಳಿವೆ: ಉದ್ಯಮದ ವರ್ಗ, ಉಲ್ಲಂಘನೆಯ ದಿನಗಳು, ರೂಪಾಯಿಯ ದರ, ಉದ್ಯಮದ ಗಾತ್ರ ಮತ್ತು ಸ್ಥಳ. ಎಷ್ಟು ಕಿಲೋ ವಿಷ ಬಿಟ್ಟರೆಂಬುದು ಎಲ್ಲಿಯೂ ಇಲ್ಲ. ಸ್ಥಳದ ಅಂಶವಾದರೋ ಹತ್ತು ಲಕ್ಷ ದಾಟಿದ ನಗರಗಳಲ್ಲಿ ಏರುತ್ತದೆ, ಹಳ್ಳಿಯಲ್ಲಿ ಕನಿಷ್ಠ. ಮತ್ತೆ ಅದೇ ಜನಗಣತಿಯ ತಕ್ಕಡಿ.

ಅಳೆಯುವವನ ಸಂಬಳ ಯಾರ ಕೈಯಲ್ಲಿದೆ?

ಉಪಕರಣಕ್ಕಿಂತ ದೊಡ್ಡ ಪ್ರಶ್ನೆ ಉಪಕರಣ ಹಿಡಿದ ಕೈಯದು. 2009ರಿಂದ ಗುಜರಾತಿನಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಾಸ್ ರಯಾನ್ ಅವರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ಒಂದು ಪ್ರಯೋಗ ಮಾಡಿದರು. ಹಳೆಯ ಪದ್ಧತಿಯಲ್ಲಿ ಕಾರ್ಖಾನೆಯೇ ತನ್ನ ತಪಾಸಣೆಗಾರನನ್ನು ಆರಿಸಿ, ತಾನೇ ಹಣ ಕೊಡುತ್ತಿತ್ತು. ಆ ತಪಾಸಣೆಗಾರರ ವರದಿಯಂತೆ ಧೂಳಿನ ಮಿತಿ ಮೀರಿದ ಕಾರ್ಖಾನೆಗಳು ಶೇಕಡ 7. ಮತ್ತೆ ಹೋಗಿ ಅಳೆದಾಗ ಕಂಡ ಸತ್ಯ ಶೇಕಡ 59! ಇನ್ನೊಂದು ಗುಂಪಿನಲ್ಲಿ ತಪಾಸಣೆಗಾರರನ್ನು ಚೀಟಿ ಎತ್ತಿದಂತೆ ಹಂಚಿ, ಸಾಮಾನ್ಯ ನಿಧಿಯಿಂದ ನಿಗದಿತ ಸಂಬಳ ಕೊಟ್ಟು, ಅವರ ಅಳತೆಗಳನ್ನು ಮರುಪರೀಕ್ಷೆ ಮಾಡಲಾಯಿತು. ಅಳೆಯುವವರು ನಿಜ ಹೇಳತೊಡಗಿದರು. ಕಾರ್ಖಾನೆಗಳೂ ಮಾಲಿನ್ಯ ತಗ್ಗಿಸಿದವು. ಉಪಕರಣ ಬದಲಾಗಲಿಲ್ಲ, ಹಣ ಕೊಡುವ ಕೈ ಬದಲಾಯಿತು.

ಅದೇ ರಾಜ್ಯದ ಸೂರತ್ತಿನಲ್ಲಿ 2019ರಿಂದ ಮುನ್ನೂರಕ್ಕೂ ಹೆಚ್ಚು ಕಾರ್ಖಾನೆಗಳ ಕೊಳವೆಗಳಿಗೆ ನಿರಂತರ ಮಾಪಕಗಳನ್ನು ಹಾಕಿ, ಅವುಗಳಲ್ಲಿ ಒಂದು ಗುಂಪಿಗೆ ಧೂಳಿನ ಒಟ್ಟು ತೂಕದ ಮೇಲೆ ಮಿತಿ ವಿಧಿಸಲಾಯಿತು. ಹೆಚ್ಚು ಬಿಡುವವರು ಕಡಿಮೆ ಬಿಟ್ಟವರಿಂದ ಪಾಲು ಕೊಳ್ಳಬೇಕಾಯಿತು. ಆ ಗುಂಪಿನ ಧೂಳು ಉಳಿದವರಿಗಿಂತ ಶೇಕಡ 20ರಿಂದ 30ರಷ್ಟು ಕಡಿಮೆಯಾಯಿತೆಂದು ಅಧ್ಯಯನ ತೋರಿಸಿದೆ. ಮಾಲಿನ್ಯವನ್ನು ಸಂತೆಯ ಸರಕು ಮಾಡುವ ಆ ಪದ್ಧತಿಯ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಕಿಲೋ ಲೆಕ್ಕದಲ್ಲಿ ಅಳೆಯುವುದು ಭಾರತದಲ್ಲಿ, ಸಾಮಾನ್ಯ ಬಟ್ಟೆ ಗಿರಣಿಗಳಲ್ಲಿ, ಆಗುವ ಕೆಲಸ ಎಂಬುದನ್ನು ಅದು ತೋರಿಸಿಕೊಟ್ಟಿತು. "ನಮ್ಮಲ್ಲಿ ಆಗದು" ಎಂಬ ಮಾತಿಗೆ ಇನ್ನು ಬೆಲೆಯಿಲ್ಲ.

ದೊಡ್ಡ ಹೆಸರುಗಳನ್ನು ನಂಬಿ ಕೂರಬೇಡಿ ಎಂಬುದಕ್ಕೆ 2015ರ ಫೋಕ್ಸ್‌ವ್ಯಾಗನ್ ಪ್ರಕರಣ ಸಾಕ್ಷಿ. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಶುದ್ಧ ಹೊಗೆ ಬಿಡುವ ತಂತ್ರಾಂಶವನ್ನು ಆ ಕಂಪನಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ವಾಹನಗಳಲ್ಲಿ ಅಳವಡಿಸಿತ್ತು. ಅದಕ್ಕೆ ದಾರಿ ತೋರಿಸಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡ. ಸಾಗಿಸಬಲ್ಲ ಮಾಪಕವನ್ನು ವಾಹನದಲ್ಲಿಟ್ಟು ರಸ್ತೆಯ ಮೇಲೆ ಓಡಿಸಿ ಅಳೆಯಿತು. ಆ ತಂಡದಲ್ಲಿ ವಿದ್ಯಾರ್ಥಿಗಳೂ ಇದ್ದರು.

ನಮ್ಮದೇ ಲೋಪ

ಇಷ್ಟು ಬೈದ ಮೇಲೆ ನಮ್ಮನ್ನೂ ಬೈದುಕೊಳ್ಳಬೇಕು. ನಮ್ಮ ಪರಿಸರ ಚಳವಳಿ ಕಪ್ಪು ಹೊಗೆ ಕಂಡಾಗ ಕೂಗಿತು, ಬಿಳಿ ಹೊಗೆ ಕಂಡಾಗ ಸಮಾಧಾನಗೊಂಡಿತು. ಗಂಧಕದ ಡೈಆಕ್ಸೈಡಿಗೆ ಬಣ್ಣವಿಲ್ಲ. ಬಿಳಿಯಾಗಿ ಕಂಡದ್ದು ಬರಿಯ ನೀರಾವಿಯೂ ಆಗಿರಬಹುದು. ಕಣ್ಣು ಒಳ್ಳೆಯ ಮಾಪಕವಲ್ಲ. "ಅಂಕಿಸಂಖ್ಯೆ ಸರ್ಕಾರದ ಬಲೆ, ಜನರ ಅನುಭವವೇ ಸಾಕು" ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅನುಭವ ದೊಡ್ಡದು, ಆದರೆ ನ್ಯಾಯಾಲಯದಲ್ಲಿ, ಅಹವಾಲು ಸಭೆಯಲ್ಲಿ ಎದುರು ಪಕ್ಷ ಅಂಕಿಗಳೊಂದಿಗೆ ಬಂದಾಗ ಬರಿಗೈಯಲ್ಲಿ ನಿಲ್ಲುವುದು ಶೌರ್ಯವಲ್ಲ, ಸೋಮಾರಿತನ.

ಲಕ್ಷಾಂತರ ರೂಪಾಯಿಯ ಉಪಕರಣ ನಮ್ಮಲ್ಲಿಲ್ಲ, ನಿಜ. ಆದರೆ ಲೆಕ್ಕವಿದೆ. ಕಲ್ಲಿದ್ದಲಿನಲ್ಲಿರುವ ಗಂಧಕ ಎಲ್ಲಿಗೂ ಮಾಯವಾಗುವುದಿಲ್ಲ. ಗಂಟೆಗೆ 250 ಟನ್ ಕಲ್ಲಿದ್ದಲು ಸುಡುವ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಗಂಧಕ ಶೇಕಡ ಅರ್ಧದಷ್ಟಿದ್ದರೂ ಗಂಟೆಗೆ 1,250 ಕಿಲೋ ಗಂಧಕ. ಸುಟ್ಟಾಗ ಅದರ ತೂಕ ಇಮ್ಮಡಿಯಾಗಿ ಸುಮಾರು 2,500 ಕಿಲೋ ಗಂಧಕದ ಡೈಆಕ್ಸೈಡ್. ದಿನಕ್ಕೆ 60 ಟನ್. ಬೂದಿಯಲ್ಲಿ ಉಳಿಯುವ ಚೂರನ್ನು ಕಳೆದರೂ ಉಳಿದದ್ದು ಒಂದೋ ಆಕಾಶಕ್ಕೆ ಹೋಗಿರಬೇಕು, ಇಲ್ಲವೇ ಯಂತ್ರದಲ್ಲಿ ಸುಣ್ಣದಕಲ್ಲಿನೊಡನೆ ಸೇರಿ ಜಿಪ್ಸಂ ಆಗಿರಬೇಕು. ಅಂದರೆ ಕಲ್ಲಿದ್ದಲಿನ ಬಿಲ್ಲು, ಸುಣ್ಣದಕಲ್ಲಿನ ಬಿಲ್ಲು, ಜಿಪ್ಸಂ ಮಾರಿದ ಬಿಲ್ಲು, ಈ ಮೂರು ಕಾಗದಗಳು ನಮ್ಮ ಮಾಪಕ. ಕೊಳವೆಯ ಅಂಕಿ ಇವುಗಳೊಂದಿಗೆ ತಾಳೆಯಾಗದಿದ್ದರೆ ಎಲ್ಲೋ ಯಾರೋ ಸುಳ್ಳು ಹೇಳುತ್ತಿದ್ದಾರೆ. ಮಂಡಳಿಯ ಕಡತದಲ್ಲಿರುವ ಇಂಥ ವಿವರಗಳನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆಯಿದೆ, ಹತ್ತು ರೂಪಾಯಿ ಶುಲ್ಕವಿದೆ.

ಇನ್ನೊಂದು ಮಾಪಕ ನಮ್ಮ ಮರಗಳ ಮೇಲೆಯೇ ಬೆಳೆದಿದೆ. ಸಾಂಬಾರಕ್ಕೆ ಬಳಸುವ ಕಲ್ಲುಹೂವಿನ ಜಾತಿಯ ಕಲ್ಲುಹೂವುಗಳು ಅಡಿಕೆ, ಮಾವು, ಹಲಸಿನ ಕಾಂಡದ ಮೇಲೆ ಎಷ್ಟೊಂದಿವೆ! ಬೇರಿಲ್ಲದ ಇವು ಮಳೆ, ಮಂಜು, ಗಾಳಿಯಿಂದಲೇ ಆಹಾರ ಹೀರುವುದರಿಂದ ಗಂಧಕದ ಡೈಆಕ್ಸೈಡಿಗೆ ಬಹುಬೇಗ ಸಾಯುತ್ತವೆ. ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ವಿಲಿಯಂ ನೈಲಾಂಡರ್ ಎಂಬ ವಿಜ್ಞಾನಿ 1866ರಲ್ಲಿಯೇ ಇವನ್ನು ಗಾಳಿಯ ಶುದ್ಧತೆಯ ಅಳತೆಗೋಲೆಂದು ಗುರುತಿಸಿದ್ದ. ವಿದ್ಯಾರ್ಥಿಗಳು ಪ್ರತಿವರ್ಷ ಅದೇ ಮರಗಳ ಮೇಲೆ ಅದೇ ಎತ್ತರದಲ್ಲಿ ಚೌಕಟ್ಟಿಟ್ಟು ಎಣಿಸಿ ಬರೆದಿಡಬಹುದು. 2004ರಲ್ಲಿ ತಮಿಳುನಾಡಿನ ಕಡಲೂರಿನ ರಾಸಾಯನಿಕ ಕಾರ್ಖಾನೆಗಳ ಸುತ್ತಲಿನ ಹಳ್ಳಿಗರು ಪ್ಲಾಸ್ಟಿಕ್ ಬಕೆಟ್ಟಿನೊಳಗಿನ ಚೀಲದಲ್ಲಿ ಗಾಳಿ ಹಿಡಿದು ಪ್ರಯೋಗಾಲಯಕ್ಕೆ ಕಳುಹಿಸಿದರು. ಮೂಗು ಹೇಳುತ್ತಿದ್ದುದಕ್ಕೆ ಹೆಸರುಗಳೂ ಅಂಕಿಗಳೂ ಸಿಕ್ಕವು. ಅವರು ವಿಜ್ಞಾನಿಗಳಾಗಿರಲಿಲ್ಲ. ನಮ್ಮ ನಿಮ್ಮ ಹಾಗೆಯೇ ಇದ್ದರು.

ನಾವು ಕೇಳಬೇಕಾದದ್ದು

ಮುಂದೆ ಎಲ್ಲಿ ಅಹವಾಲು ಸಭೆ ನಡೆದರೂ, ಯಾವ ಕಾರ್ಖಾನೆಯ ಬಾಗಿಲಿಗೆ ಹೋದರೂ, ಈ ನಾಲ್ಕನ್ನು ಕೇಳೋಣ.

1. ಫಲಕದ ಮೇಲೆ ಸಾಂದ್ರತೆಯ ಜೊತೆಗೆ ಹೊಗೆಯ ಹರಿವು, ಆಮ್ಲಜನಕದ ಶೇಕಡಾವಾರು ಮತ್ತು ಆ ದಿನದ ಒಟ್ಟು ಕಿಲೋಗಳನ್ನು ಕನ್ನಡದಲ್ಲಿ ತೋರಿಸಬೇಕು.

2. ಹಿಂದಿನ ವರ್ಷಗಳ ಅಂಕಿಗಳು ಅಳಿಸಿಹೋಗದಂತೆ ಗ್ರಾಮ ಪಂಚಾಯಿತಿಗೆ ಪ್ರತಿ ತಿಂಗಳೂ ತಲುಪಬೇಕು. ಮಾಪಕ ನಿಂತುಹೋದ ಗಂಟೆಗಳ ಲೆಕ್ಕವೂ ಅದರಲ್ಲಿರಬೇಕು.

3. ಮಾಪಕಗಳನ್ನು ಪರೀಕ್ಷಿಸುವವರನ್ನು ಕಾರ್ಖಾನೆ ಆರಿಸಬಾರದು. ಸಂಬಳ ಸಾಮಾನ್ಯ ನಿಧಿಯಿಂದ ಹೋಗಬೇಕು. ಪರೀಕ್ಷೆಯ ದಿನ ಊರಿನ ಇಬ್ಬರು ಪ್ರತಿನಿಧಿಗಳು ಹಾಜರಿರಬೇಕು.

4. ಅನುಮತಿಯಲ್ಲಿ ವರ್ಷಕ್ಕೆ ಇಷ್ಟು ಟನ್ ಎಂಬ ಒಟ್ಟು ಮಿತಿಯಿರಬೇಕು. ದಂಡವೂ ಕಿಲೋ ಲೆಕ್ಕದಲ್ಲಿಯೇ ಬೀಳಬೇಕು. ಹಳ್ಳಿಯ ಕಿಲೋ ನಗರದ ಕಿಲೋಗಿಂತ ಅಗ್ಗವಾಗಬಾರದು.

ಇದರಲ್ಲಿ ಅತಿಯಾದದ್ದು ಯಾವುದೂ ಇಲ್ಲ. ಎಮ್ಮೆ ಕಟ್ಟಿದ ಮನೆಯವರು ದಿನಕ್ಕೆರಡು ಬಾರಿ ಒಪ್ಪಿಕೊಂಡಿರುವ ಶಿಸ್ತು ಇದು. ಡೈರಿಯಲ್ಲಿ ತನ್ನ ಹಾಲಿನ ಲೀಟರೂ ಫ್ಯಾಟೂ ಎಲ್ಲರೆದುರು ಬರೆಸಿ ಬಂದ ಆ ತಾಯಿ, ಕಾರ್ಖಾನೆಯ ಬಾಗಿಲಿನಲ್ಲಿ ನಿಂತು "ನಿಮ್ಮದು ಎಷ್ಟು ಲೀಟರ್?" ಎಂದು ಕೇಳುವ ದಿನ ಬರಬೇಕು. ಉತ್ತರ ಸಿಗುವವರೆಗೂ ಬಾಗಿಲು ಬಿಟ್ಟು ಕದಲದಿರುವುದು ನಮ್ಮ ಕೆಲಸ.